ಗೀಜಗ ಒಲಿದ ಕೈ

ನಮ್ಮ ಊರಿನ ಹಾರುಬಯಲಿನಲ್ಲಿ ಮೂರು ಹಳೆಯ ವಿಮಾನಗಳಿವೆ. ಒಂದೊಂದಕ್ಕೂ ಒಬ್ಬೊಬ್ಬರ ಕೈ ಮಾತ್ರ ಆಗುತ್ತದೆ. ಬೆಳ್ಳಿ ಬಣ್ಣದ ಬೆಳ್ಳಕ್ಕಿ ಏಳುವುದು ಶ್ಯಾಮಲಾಂಬ ಟೀಚರ ಕೈಗೆ. ಉದ್ದ ಮೂತಿಯ ಗಿಡುಗ ಏಳುವುದು ಕ್ಷೌರದ ಮುನಿವೆಂಕಟನ ಕೈಗೆ. ಬೇರೆ ಯಾರು ಬಂದು ಪ್ರೊಪೆಲ್ಲರು ತಿರುಗಿಸಿದರೂ ಎಂಜಿನ್ನು ಒಂದು ಸಲ ಕೆಮ್ಮುವುದೂ ಇಲ್ಲ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೆಲವರು ನೆಟ್ಟ ಕರಿಬೇವು ಹಿಡಿಯುತ್ತದೆ, ಕೆಲವರು ನೆಟ್ಟದ್ದು ಒಣಗುತ್ತದೆ. ಕೆಲವರು ಹೆಪ್ಪು ಹಾಕಿದರೆ ಮೊಸರು ಕತ್ತರಿಸುವಷ್ಟು ಗಟ್ಟಿ, ಕೆಲವರದು ನೀರು. ಕೈಗುಣ ಅನ್ನುತ್ತೇವಲ್ಲ, ಇದೂ ಹಾಗೆಯೇ ಎಂದು ಊರು ಒಪ್ಪಿಕೊಂಡು ಎಷ್ಟೋ ಕಾಲವಾಗಿದೆ.

ಹಾಗಾಗಿ ಹಾರಾಟದ ಹಬ್ಬದ ಬೆಳಿಗ್ಗೆ ಮುನಿವೆಂಕಟನ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ನೊರೆ ಒಣಗಿಸಿಕೊಂಡು ಕಾಯುತ್ತಾ ಕೂತಿರುತ್ತಾರೆ, ಯಾರೂ ಗೊಣಗುವುದಿಲ್ಲ. ಶ್ಯಾಮಲಾಂಬ ಟೀಚರು ಬಾಣಂತಿಯಾಗಿದ್ದ ವರ್ಷ ಬೆಳ್ಳಕ್ಕಿಯೂ ಶೆಡ್ಡಿನಲ್ಲಿ ಬೆಚ್ಚಗೆ ಮಲಗಿತ್ತು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು "ಹುಡುಗಿ ಯಾವುದಕ್ಕಾದರೂ ಕೈಯಾಗಿದಾಳಾ?" ಎಂದು ವಿಚಾರಿಸುತ್ತಾರೆ. ಕೈಯಾದವಳನ್ನು ಪರ ಊರಿಗೆ ಕೊಡುವ ಹಾಗಿಲ್ಲವಲ್ಲ.

ಇನ್ನೆರಡು ಮಾತನ್ನು ಹೇಳಿಬಿಡಬೇಕು. ಕೈಯಾದವರು ಆ ವಿಮಾನದಲ್ಲಿ ಕೂರುವಂತಿಲ್ಲ. ಕೂತರೆ ಓಡುತ್ತಿರುವ ಎಂಜಿನ್ನೂ ನಿಂತು ತಣ್ಣಗಾಗುತ್ತದೆ. ಮತ್ತೆ, ಒಂದು ಸಲ ಅದರಲ್ಲಿ ಹಾರಿ ಬಂದವರ ಕೈಗೆ ಅದು ಜೀವಮಾನದಲ್ಲಿ ಏಳುವುದಿಲ್ಲ. ಎಬ್ಬಿಸುವುದೋ ಹಾರುವುದೋ, ಎರಡರಲ್ಲಿ ಒಂದು.

ಮೂರನೆಯ ವಿಮಾನದ ಹೆಸರು ಗೀಜಗ. ಮೈಯೆಲ್ಲ ಹಳದಿ. ಒಂದರ ಮೇಲೊಂದು ರೆಕ್ಕೆ, ಒಂದರ ಹಿಂದೊಂದು ಸೀಟು, ಮೇಲೆ ಗಾಜಿಲ್ಲ ಗೂಡಿಲ್ಲ, ಬರೀ ಆಕಾಶ. ಒಳಗೆ ಮರದ ಪಕ್ಕೆಲುಬು, ಹೊರಗೆ ಎಳೆದು ಹೊಲಿದ ಬಟ್ಟೆ. ಅದು ನನ್ನಪ್ಪ ವೀರಾಚಾರರ ಕೈಗೆ ಏಳುತ್ತಿತ್ತು. ನಾನು ಅಂಬುಜಾಕ್ಷಿ, ಅವರ ಒಬ್ಬಳೇ ಮಗಳು. ಲಂಗ ತೊಡುವ ವಯಸ್ಸಿನಿಂದ ಅದರ ಮೂತಿಯ ಕೆಳಗೇ ಬೆಳೆದವಳು. ಅಪ್ಪ ಎಬ್ಬಿಸುವವರು, ನಾನು ಅದರ ಆರೋಗ್ಯ ನೋಡಿಕೊಳ್ಳುವವಳು. ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಮಸಿ ಕೆರೆಯುವುದು, ವಾಲ್ವು ಉಜ್ಜಿ ಕೂರಿಸುವುದು, ಎಣ್ಣೆಯಲ್ಲಿ ಲೋಹದ ಚೂರೇನಾದರೂ ಮಿನುಗುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡುವುದು ಎಲ್ಲ ನನ್ನದೇ. ಗೀಜಗವನ್ನು ಹಾರಿಸುವ ಪೂಣಚ್ಚನವರು ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಪ್ರತಿ ಹಬ್ಬದಲ್ಲೂ ಕನ್ನಡಕ ಹಾಕಿಕೊಳ್ಳುತ್ತಾ, "ಅಂಬುಜಾ, ಮುಂದಿನ ಸೀಟು ಖಾಲಿ ಇದೆ, ಒಂದು ಸುತ್ತು ಬಾರಮ್ಮ" ಅನ್ನುವರು. ನಾನು ತಲೆಯಾಡಿಸಿ ನಕ್ಕುಬಿಡುತ್ತಿದ್ದೆ. ಯಾಕೆ ಒಲ್ಲೆ ಅನ್ನುತ್ತೇನೆಂದು ಊರಿಗೆಲ್ಲ ಗೊತ್ತಿತ್ತು. ಅಪ್ಪನ ನಂತರ ಗೀಜಗ ನನ್ನದಾಗಬೇಕಿತ್ತು. ಅಪ್ಪನ ಕೈಯನ್ನೇ ಅಚ್ಚು ತೆಗೆದು ನನಗೆ ಜೋಡಿಸಿದ ಹಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಕಿರುಬೆರಳಿನ ಸೊಟ್ಟವೂ ಅದೇ.

ಅಪ್ಪ ಚಳಿಗಾಲದಲ್ಲಿ ತೀರಿಕೊಂಡರು. ನಾನು ಆ ದುಃಖದಲ್ಲಿರುವಾಗಲೇ ವಿಮಾನಗಳ ತಪಾಸಣೆಯ ಅಧಿಕಾರಿ ಬಂದರು. ಗೀಜಗದ ರೆಕ್ಕೆಯ ಮೇಲೆ ಒಂದು ಸಣ್ಣ ಉಪಕರಣವಿಟ್ಟು ಒತ್ತಿದರು. ಹಳೆಯ ಬಟ್ಟೆ ಹಪ್ಪಳದಂತೆ ಪರ್ ಎಂದು ಹರಿಯಿತು.

"ಹೊಸ ಬಟ್ಟೆ ಹಾಕ್ಬೇಕು. ಈ ಸಲದ ಹಬ್ಬದ ದಿನ ನಾನೇ ಬರ್ತೀನಿ, ನನ್ನ ಕಣ್ಣೆದುರು ಹಾರ್ಬೇಕು. ಹಾರದಿದ್ರೆ ಪರವಾನಗಿ ಇಲ್ಲಮ್ಮ" ಎಂದರು.

ಪರವಾನಗಿ ಹೋದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ದೊಡ್ಡ ಊರಿನ ಮ್ಯೂಸಿಯಮ್ಮಿನವರು ಆಗಲೇ ಎರಡು ಸಲ ಬಂದು ಗೀಜಗವನ್ನು ಹಿಂದೆ ಮುಂದೆ ಅಳೆದು ಹೋಗಿದ್ದರು. ಸೂರಿಗೆ ಹಗ್ಗ ಕಟ್ಟಿ ತೂಗುಹಾಕುತ್ತಾರಂತೆ.

ಬಟ್ಟೆ ಹೊಲಿಯಲು ಹಬ್ಬದ ಸಮಿತಿಯವರು ರುಕ್ಮಾಬಾಯಿಯನ್ನು ಕರೆತಂದರು. ಆಕೆ ಉತ್ತರದ ಸೀಮೆಯಿಂದ ಬಂದು ನಮ್ಮ ಊರಿನಲ್ಲಿ ಕೌದಿ ಹೊಲಿದುಕೊಂಡಿದ್ದ ವಿಧವೆ. ನನಗಿಂತ ಐದಾರು ವರ್ಷ ಚಿಕ್ಕವಳು. ವಿಮಾನದ ರೆಕ್ಕೆ ಹೊಲಿಯುವುದು ಇಬ್ಬರ ಕೆಲಸ. ರೆಕ್ಕೆಯನ್ನು ಗೋಡೆಯಂತೆ ಎತ್ತಿ ನಿಲ್ಲಿಸಬೇಕು, ಈ ಬದಿಗೆ ಒಬ್ಬರು, ಆ ಬದಿಗೆ ಒಬ್ಬರು ಕೂರಬೇಕು. ಮೇಣ ಹಚ್ಚಿದ ದಾರ ಪೋಣಿಸಿದ ಉದ್ದನೆಯ ಸೂಜಿಯನ್ನು ಇವರು ಚುಚ್ಚಿ ದೂಡಿದರೆ ಅವರು ಹಿಡಿದೆಳೆದು, ಪಕ್ಕೆಲುಬನ್ನು ಬಳಸಿ ಮತ್ತೆ ಇತ್ತ ದೂಡಬೇಕು. ಪ್ರತಿ ಹೊಲಿಗೆಗೂ ಒಂದು ಗಂಟು. ಆ ಗಂಟನ್ನು ನಾನು ಒಂದು ಸಲ ತೋರಿಸಿದೆ, ಅವಳ ಬೆರಳುಗಳು ಕಲಿತುಬಿಟ್ಟವು. ತಿಂಗಳುಗಟ್ಟಲೆ ನಾವಿಬ್ಬರೂ ಹಾಗೆ ಕೂತೆವು. ನಡುವೆ ರೆಕ್ಕೆ, ಒಬ್ಬರ ಮುಖ ಒಬ್ಬರಿಗೆ ಕಾಣದು, ಮಾತು ಮಾತ್ರ ಕೇಳುತ್ತಿತ್ತು. ಅಪ್ಪ ಹೋದ ಮೇಲೆ ನಾನು ಮನಸಾರೆ ಮಾತಾಡಿದ್ದು ಆ ಬಟ್ಟೆಯ ಗೋಡೆಯ ಜೊತೆಗೇ. ಮಧ್ಯಾಹ್ನ ಅವಳು ರೊಟ್ಟಿ ಶೇಂಗಾ ಚಟ್ನಿ ಬಿಚ್ಚಿದರೆ ನಾನು ಮುದ್ದೆ ಬಸ್ಸಾರು ಬಿಚ್ಚುತ್ತಿದ್ದೆ.

"ಅಕ್ಕಾರ, ಮ್ಯಾಲ ಹೋದ್ರ ಹೆಂಗ ಅನಸ್ತದ್ರಿ?" ಎಂದು ಒಂದು ದಿನ ಆ ಬದಿಯಿಂದ ಕೇಳಿದಳು.

"ನಾನು ಹೋಗಿಲ್ಲ ರುಕ್ಮಾ. ಹೋಗೋದೂ ಇಲ್ಲ" ಎಂದೆ. ಸೂಜಿ ಈ ಕಡೆ ಬರಲು ಸ್ವಲ್ಪ ತಡವಾಯಿತು.

ಬಟ್ಟೆಯನ್ನು ಬಿಗಿಸುವ ಡೋಪು ಎಂಬ ಅರಗನ್ನು ಬಳಿದೆವು. ಶೆಡ್ಡಿನ ತುಂಬ ಉಗುರುಬಣ್ಣದ ಘಾಟು. ಒಣಗುತ್ತಾ ಒಣಗುತ್ತಾ ಬಟ್ಟೆ ತಮಟೆಯಂತೆ ಬಿಗಿದುಕೊಂಡಿತು. ಹಳದಿ ಹಚ್ಚಿದೆವು. ರೆಕ್ಕೆ ಕೂರಿಸಿ, ತಂತಿ ಬಿಗಿದು, ಗೀಜಗವನ್ನು ಬಿಸಿಲಿಗೆ ತಳ್ಳಿದ ದಿನ ಊರಿಗೆ ಊರೇ ಬಂದಿತ್ತು. ನಾನು ತಲೆಗೆ ನೀರು ಹಾಕಿಕೊಂಡು, ಅಪ್ಪನ ಹಳೆಯ ಖಾಕಿ ಅಂಗಿ ತೊಟ್ಟು ಬಂದಿದ್ದೆ. ಪೂಣಚ್ಚನವರು ಹಿಂದಿನ ಸೀಟಿನಲ್ಲಿ ಕೂತು ಸ್ವಿಚ್ಚು ಹಾಕಿ, "ಕಾಂಟ್ಯಾಕ್ಟ್!" ಎಂದು ಕೂಗಿದರು. ನಾನು ಪ್ರೊಪೆಲ್ಲರನ್ನು ಎಳೆದು ಬಿಟ್ಟೆ.

ಏನೂ ಇಲ್ಲ.

ಮತ್ತೆ ಎಳೆದೆ, ಮತ್ತೆ ಎಳೆದೆ. ಪ್ಲಗ್ಗು ಬಿಚ್ಚಿ ನೋಡಿದೆ, ಕಿಡಿ ಹಾರುತ್ತಿತ್ತು. ಪೆಟ್ರೋಲು ಬರುತ್ತಿತ್ತು. ಎಂಜಿನ್ನಿನಲ್ಲಿ ಯಾವ ಐಬೂ ಇರಲಿಲ್ಲ. ಐಬಿದ್ದದ್ದು ಬೇರೆ ಕಡೆ. ಹಾಗೆಂದು ನನಗಿಂತ ಮೊದಲು ಜನಕ್ಕೆ ಹೊಳೆಯಿತು. ಕೊನೆಗೆ ಸಮಿತಿಯ ಹಿರಿಯರೊಬ್ಬರು, "ಬೇಜಾರ್ ಮಾಡ್ಕೋಬೇಡಮ್ಮ, ಪದ್ಧತಿ ಪ್ರಕಾರ ಎಲ್ರೂ ಒಂದ್ಸಲ ನೋಡ್ಲಿ" ಎಂದರು. ಸಾಲು ನಿಂತಿತು. ಬೇಕರಿಯವರು ಬಂದರು, ಪೂಜಾರಪ್ಪ ಬಂದರು, ನಿಶ್ಚಿತಾರ್ಥವಾಗಿದ್ದ ಹುಡುಗಿಯನ್ನು ಅವಳ ತಾಯಿ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಯಾರಿಗೂ ಗೀಜಗ ಏಳಲಿಲ್ಲ. ನಾನು ಒಳಗೊಳಗೇ ಸಂತೋಷಪಡುತ್ತಿದ್ದೆ. ನನಗಾಗದ್ದು ಯಾರಿಗೂ ಬೇಡ. ಇವತ್ತಲ್ಲ ನಾಳೆ ಅದಕ್ಕೆ ನನ್ನ ನೆನಪಾಗುತ್ತದೆ ಎಂದುಕೊಂಡೆ.

ಹೊತ್ತು ಇಳಿಯುವ ವೇಳೆಗೆ ಜನ ಕರಗಿದರು. ಪೂಣಚ್ಚನವರು ಸೀಟಿನಲ್ಲೇ ತೂಕಡಿಸುತ್ತಿದ್ದರು, ಸ್ವಿಚ್ಚು ತೆಗೆದಿರಲಿಲ್ಲ. ರುಕ್ಮಾಬಾಯಿಯ ದಾರದ ಉಂಡೆ ಗೀಜಗದ ಮೂತಿಯ ಕೆಳಗೆ ಉರುಳಿತ್ತು. ಬಗ್ಗಿ ಎತ್ತಿಕೊಂಡವಳು ಏಳುವಾಗ ಆಸರೆಗೆಂದು ಪ್ರೊಪೆಲ್ಲರಿಗೆ ಕೈ ಕೊಟ್ಟಳು. ಅದು ಗೇಣಷ್ಟು ಸರಿಯಿತು, ಅಷ್ಟೆ. ಎಂಜಿನ್ನು ಗುಡುಗಿತು.

ನಾನು ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಹುಲ್ಲಿನ ಮೇಲೆ ಬಿದ್ದೆವು. ಸ್ವಲ್ಪ ತಡವಾಗಿದ್ದರೆ ತಿರುಗುವ ಪ್ರೊಪೆಲ್ಲರು ಅವಳ ತಲೆ ತೆಗೆಯುತ್ತಿತ್ತು. ಅವಳು ನನ್ನನ್ನು ತಬ್ಬಿಕೊಂಡು, "ನಾ ಏನೂ ಮಾಡಿಲ್ರೀ ಯವ್ವಾ, ನಾ ಬರೇ ಮುಟ್ಟೀನ್ರೀ!" ಎಂದು ಅಳುತ್ತಿದ್ದಳು. ಬೆನ್ನು ಸವರುತ್ತಾ ಸಮಾಧಾನ ಹೇಳಿದೆ. ಹೇಳುತ್ತಿರುವಾಗಲೇ ಎಂಜಿನ್ನಿನ ಸದ್ದು ನನ್ನ ಕಿವಿಗೆ ಬಿತ್ತು. ಎಂಥ ಸದ್ದು! ಒಂದು ತೊದಲಿಲ್ಲ, ಒಂದು ಎಡವಿಲ್ಲ. ಅಪ್ಪನ ಕೈಗೂ ಅದು ಹೀಗೆ ಒಂದೇ ಸಲಕ್ಕೆ ಎದ್ದದ್ದನ್ನು ನಾನು ಕಾಣೆ. ಬೆನ್ನು ಸವರುತ್ತಿದ್ದ ನನ್ನ ಕೈ ತಾನಾಗಿ ನಿಂತಿತು.

ಮರುದಿನದಿಂದ ಊರು ಬದಲಾಯಿತು. ಹೂವಿನವಳು ವಿಧವೆಯೆಂದೂ ನೋಡದೆ ರುಕ್ಮಾಬಾಯಿಗೆಂದೇ ಮಲ್ಲಿಗೆಯ ಮೊಳ ತೆಗೆದಿಟ್ಟಳು. ಮೆಣಸಿನ ಸಸಿ ನೆಡುವವರು ಮೊದಲ ಸಸಿ ಅವಳೇ ಇಡಲಿ ಎಂದು ಕರೆದುಕೊಂಡು ಹೋದರು. ಹಸುಗೂಸುಗಳ ತಲೆ ಮುಟ್ಟಿಸಿದರು. ಎರಡು ವರ್ಷ "ಕೌದಿಯವಳು" ಆಗಿದ್ದವಳು ಬೆಳಗಾಗುವುದರೊಳಗೆ "ಗೀಜಗದ ರುಕ್ಮಮ್ಮ" ಆದಳು. ನನ್ನನ್ನು ಕಂಡವರು ಸಾವಿನ ಮನೆಗೆ ಬಂದವರಂತೆ ದನಿ ಇಳಿಸಿ ಮಾತಾಡುತ್ತಿದ್ದರು. "ನಿಮ್ತಂದೆ ಇದ್ದಿದ್ರೆ ಎಷ್ಟು ನೊಂದ್ಕೋತಿದ್ರೋ" ಎಂದು ಮುನಿವೆಂಕಟ ಹೇಳಿದಾಗ ಅವನ ಕೈಯಲ್ಲಿದ್ದ ಕತ್ತರಿ ಕಸಿದು ಬಿಸಾಡಬೇಕೆನಿಸಿತು.

ಅವಳು ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಜಂಬ ಮಾಡಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಅದೇ ಹಳೆಯ ರುಕ್ಮಾಬಾಯಿಯಾಗಿಯೇ ಇದ್ದಳು. ಮಧ್ಯಾಹ್ನ ರೊಟ್ಟಿ ಬಿಚ್ಚಿ, "ಬರ್ರಿ ಅಕ್ಕಾರ" ಎಂದು ಕರೆಯುತ್ತಿದ್ದಳು. "ನನ್ನದಾಯ್ತು, ನೀವು ಮಾಡಿ" ಅನ್ನುತ್ತಿದ್ದೆ. ನೀನು ಎಂದು ಮಾತಾಡಿಸುತ್ತಿದ್ದವಳನ್ನು ನೀವು ಎನ್ನತೊಡಗಿದ್ದೆ, ಅದು ಗೌರವವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೆಲಸದ ನಡುವೆ ಕಣ್ಣು ಅವಳ ಕೈಗಳ ಕಡೆಗೇ ಹೋಗುತ್ತಿತ್ತು. ಮೋಟು ಬೆರಳು. ತುದಿಯೆಲ್ಲ ಸೂಜಿ ಚುಚ್ಚಿದ ಕಲೆ. ಉಗುರಿನಲ್ಲಿ ಅರಿಶಿನ. ಇದರಲ್ಲಿ ಏನು ಕಂಡಿತು ಅದಕ್ಕೆ? ನನ್ನ ಕೈ ಅದರ ಎಣ್ಣೆಯಲ್ಲಿ ನೆಂದು ಕಪ್ಪಾಗಿದೆ, ಬಿಸಿ ಸಿಲಿಂಡರಿಗೆ ತಗುಲಿದ ಬರೆಗಳಿವೆ. ಗೀಜಗದ ಮೂತಿಗೆ ಹಣೆಯಿಟ್ಟು, "ಏನು ಕಮ್ಮಿ ಮಾಡಿದ್ದೆ ನಿನಗೆ?" ಎಂದು ಕೇಳಿದ್ದೂ ಉಂಟು. ಅದು ಲೋಹದ ಹಾಗೆಯೇ ಸುಮ್ಮನಿತ್ತು. ಅಷ್ಟರಲ್ಲಿ ಅವಳು ಬಂದು ಕೈಯಿಟ್ಟರೆ ಸಾಕು, ಘರ್ರ್ ಎಂದು ಎದ್ದು ಮೈಯೆಲ್ಲ ನಡುಗಿಸಿಕೊಳ್ಳುತ್ತಿತ್ತು. ಬೇರೆಯವರೆದುರು ಮುದ್ದು ಮಾಡಿಸಿಕೊಳ್ಳುವ ನಾಯಿಯಂತೆ.

ಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಾ ನನ್ನನ್ನು ಗಮನಿಸುತ್ತಿದ್ದಳು. ಒಂದು ಸಂಜೆ ನಾನು ಊಟ ಬೇಡವೆಂದಾಗ ಮೊರ ಪಕ್ಕಕ್ಕಿಟ್ಟಳು.

"ಜ್ವರ ಅಲ್ಲ, ಅಜೀರ್ಣ ಅಲ್ಲ. ಹೊಟ್ಟೆಕಿಚ್ಚು ಕಣೇ ಅದು. ಹೆಸರಿಟ್ಟು ಕರಿ, ನಾಚಿಕೆ ಯಾಕೆ?"

"ನಿಂಗೇನ್ ಗೊತ್ತಮ್ಮ!"

"ನಂಗಲ್ದೆ ಇನ್ಯಾರಿಗ್ ಗೊತ್ತು? ನಿಮ್ಮಪ್ಪ ನನ್ ಕೈ ಹಿಡಿದಿದ್ದು ಧಾರೆ ದಿನ ಒಂದೇ. ಆಮೇಲೆ ಹಿಡಿದಿದ್ದೆಲ್ಲ ಅದರ ಮೂತಿ. ಹಬ್ಬದ ದಿನ ಊರೆಲ್ಲ ಕತ್ತೆತ್ತಿ ಗೀಜಗ ನೋಡಿದ್ರೆ ನಾನು ನಿಮ್ಮಪ್ಪನ ಮುಖ ನೋಡ್ತಿದ್ದೆ. ಅದನ್ನ ನೋಡೋ ಹಾಗೆ ನನ್ನನ್ನ ಒಂದಿನ ನೋಡ್ಲಿಲ್ಲ."

ಅಮ್ಮ ಇಂಥ ಮಾತನ್ನು ಎಂದೂ ಆಡಿದವಳಲ್ಲ. ನಾನು ಹತ್ತಿರ ಹೋಗಿ ಕೂತೆ. "ಮತ್ತೆ ಹೋಯ್ತಾ ಅದು?"

"ಎಲ್ಲಿಗ್ ಹೋಗುತ್ತೆ? ಒಲೆ ಥರ, ಉರೀತಾನೇ ಇರುತ್ತೆ. ಅದರ ಮೇಲೆ ಏನಾದ್ರೂ ಬೇಯಿಸ್ಕೋಬೇಕು ಅಷ್ಟೆ. ಇಲ್ದಿದ್ರೆ ಸುಮ್ನೆ ಮನೆ ಸುಡುತ್ತೆ."

ನಾನು ಬೇಯಿಸಿಕೊಂಡದ್ದು ಕೆಲಸವನ್ನು. ಎಂಜಿನ್ನನ್ನು ಪೂರ್ತಿ ಇಳಿಸಿ ಒಂದೊಂದು ಭಾಗವನ್ನೂ ಹೊಸದಾಗಿ ಕೂರಿಸಿದೆ. ಏಳುವುದು ಅವಳ ಕೈಗಾದರೂ ಓಡುವುದು ನನ್ನ ಕೆಲಸದಿಂದ, ಇದು ಅದಕ್ಕೂ ಗೊತ್ತಾಗಲಿ ಎಂಬ ಛಲ. ಗೀಜಗದ ಎಂಜಿನ್ನು ಅಷ್ಟು ಚೊಕ್ಕವಾಗಿ ಯಾವ ಕಾಲದಲ್ಲೂ ಇರಲಿಲ್ಲ. ಆದರೂ ಒಳಗಿನದು ಆರಲಿಲ್ಲ. ಹಬ್ಬ ಹತ್ತಿರವಾದಂತೆ ಒಂದೇ ಯೋಚನೆ ಬೆಳೆಯಿತು. ಅಪ್ಪ ಹೋದ ಸೂತಕದ ಮನಸ್ಸಿನಲ್ಲಿ ಅವತ್ತು ತಿರುಗಿಸಿದ್ದೆ. ಗೀಜಗಕ್ಕೆ ಅದು ಹಿಡಿಸಿರಲಿಕ್ಕಿಲ್ಲ. ಇನ್ನೊಂದು ಸಲ, ಜನರೆದುರು, ಹಬ್ಬದ ದಿನ...

ಬಾಗಿಲ ಬಳಿ ಕೂತು ಸೀಟಿನ ಮೆತ್ತೆ ಹೊಲಿಯುತ್ತಿದ್ದ ರುಕ್ಮಾಬಾಯಿಯ ಎದುರು ನಿಂತು ನೇರವಾಗಿಯೇ ಹೇಳಿದೆ. "ಹಬ್ಬದ ದಿನ ಮೊದಲು ನಾನು ತಿರುಗಿಸ್ತೀನಿ. ಎದ್ದರೆ ಅದು ನನ್ನದು."

ಪೂಣಚ್ಚನವರು ಅಲ್ಲೇ ಇದ್ದರು. "ಅಂಬುಜಾ, ಅಧಿಕಾರಿ ನೋಡ್ತಾ ಇರ್ತಾರೆ. ಆಟ ಅಲ್ಲ ಅದು" ಎಂದರು.

ರುಕ್ಮಾಬಾಯಿ ದಾರ ಕಡಿದು ತಲೆಯೆತ್ತಿದಳು. ಸಿಟ್ಟಾಗುತ್ತಾಳೆಂದು ನಾನು ಕಾದಿದ್ದೆ. "ಆತ್ರಿ ಅಕ್ಕಾರ. ನೀವಽ ತಿರಗಸ್ರಿ. ನಾ ಬಾಜೂಕ ಇದ್ರ ಅದು ನನ್ನ ಕಡೆ ಎಳದೀತು, ಬೇಲಿ ಆಚಿ ನಿಂದರ್ತೀನಿ. ನೀವು ಬಂದು ಕರದ್ರ ಮಾತ್ರ ಬರ್ತೀನಿ. ಬ್ಯಾರೇದವ್ರು ಕರದ್ರ ಬರಾಂಗಿಲ್ಲ" ಎಂದಳು. ಅವಳು ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟದ್ದೂ ನನ್ನನ್ನು ಸುಟ್ಟಿತು. ನನ್ನ ಪ್ರಾಣದಂಥದ್ದು ಅವಳಿಗೆ ಎತ್ತಿ ಕೊಡುವಂಥ ವಸ್ತುವೇ?

ಹಬ್ಬದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಹಾರುಬಯಲಿನ ಸುತ್ತ ಛತ್ರಿಗಳು, ಚಾಪೆಗಳು, ಬುತ್ತಿಗಳು. ಮಕ್ಕಳು ಅಪ್ಪಂದಿರ ಹೆಗಲೇರಿದ್ದರು. ಬೊಂಡದ ಎಣ್ಣೆಯ ವಾಸನೆಗೆ ಪೆಟ್ರೋಲಿನ ವಾಸನೆ ಸೇರಿತ್ತು, ಆ ಮಿಶ್ರಣಕ್ಕೇ ನಮ್ಮಲ್ಲಿ ಹಬ್ಬದ ವಾಸನೆ ಅನ್ನುತ್ತಾರೆ. ಶ್ಯಾಮಲಾಂಬ ಟೀಚರು ಸೆರಗು ಸಿಕ್ಕಿಸಿ ಬೆಳ್ಳಕ್ಕಿಯನ್ನು ಎಬ್ಬಿಸಿದರು. ಅದು ಜನರ ತಲೆಯ ಮೇಲೆ ಹಾದಾಗ ಛತ್ರಿಗಳೆಲ್ಲ ಒಮ್ಮೆಗೇ ನಡುಗಿದವು. ಮುನಿವೆಂಕಟ ಮಣಿಕಟ್ಟಿನ ನೊರೆಯನ್ನೂ ಒರೆಸಿಕೊಳ್ಳದೆ ಓಡಿ ಬಂದು ಗಿಡುಗವನ್ನು ಎಬ್ಬಿಸಿದ. ಅದು ನೆಟ್ಟಗೆ ಮೇಲೇರಿ, ಬೆನ್ನು ಕೆಳಗಾಗಿ ಹೊರಳಿ, ಮತ್ತೆ ನೆಟ್ಟಗಾದಾಗ ಬಯಲೆಲ್ಲ ಕೂಗಿತು. ಈ ವಿಮಾನಗಳಿಗೆ ನಮ್ಮ ತಾತಂದಿರ ವಯಸ್ಸು. ಅವು ಮ್ಯೂಸಿಯಮ್ಮಿನಲ್ಲಿ ಧೂಳು ತಿನ್ನದೆ ಗಾಳಿ ತಿನ್ನುತ್ತಿವೆಯಲ್ಲ ಎಂಬುದೇ ಆ ಕೂಗಿನ ಅರ್ಥ.

ಆಮೇಲೆ ಧ್ವನಿವರ್ಧಕದಲ್ಲಿ ಗೀಜಗದ ಹೆಸರು ಬಂತು. ಚಕ್ರಗಳಿಗೆ ಮರದ ತಡೆ ಕೊಟ್ಟು ನಾನು ಮೂತಿಯ ಮುಂದೆ ನಿಂತೆ. ಅಧಿಕಾರಿ ಬೇಲಿಯ ತಂತಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. "ಕಾಂಟ್ಯಾಕ್ಟ್!" ಎಂದರು ಪೂಣಚ್ಚನವರು.

ಎಳೆದೆ. ಏನೂ ಇಲ್ಲ. ಎಳೆದೆ. ಏನೂ ಇಲ್ಲ. ಜನ ನನ್ನನ್ನು ಹುರಿದುಂಬಿಸಲು ಚಪ್ಪಾಳೆ ತಟ್ಟಿದರು, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಎಲ್ಲೋ ಒಂದು ಸಿಳ್ಳೆ. ಇನ್ನೆಲ್ಲೋ, "ರುಕ್ಮಮ್ಮ ಎಲ್ಲಿ?" ಎಂಬ ದನಿ. ಬೆವರು ಕಣ್ಣಿಗಿಳಿಯಿತು. ಪ್ರೊಪೆಲ್ಲರಿನ ಮರದ ಅಂಚು ಜಾರಿ ಅಂಗೈಯ ಚರ್ಮ ಸೀಳಿತು. ನಾನು ನಿಲ್ಲಿಸಲಿಲ್ಲ. ಅಷ್ಟು ವರ್ಷದ ಋಣ ಒಂದು ಸಲವಾದರೂ ಅದರ ಗಂಟಲಿನಿಂದ ಹೊರಡಲಿ ಎಂದು ಎಳೆದೆ. ಹಳದಿ ಮೈ ಬಿಸಿಲಿನಲ್ಲಿ ಹೊಳೆಯುತ್ತಾ ನನ್ನ ಮುಂದೆ ನಿಂತೇ ಇತ್ತು, ಪರಿಚಯವೇ ಇಲ್ಲದವರ ಹಾಗೆ.

ಪೂಣಚ್ಚನವರು ಸೀಟಿನಿಂದ ಬಾಗಿ ಮೆಲ್ಲಗೆ ಹೇಳಿದರು. "ಸಾಕು ಮಗಾ. ಅವರು ವಾಚ್ ನೋಡ್ತಿದಾರೆ."

ಬೇಲಿಯವರೆಗಿನ ಆ ನಡಿಗೆ ನನ್ನ ಬದುಕಿನ ಅತಿ ಉದ್ದದ ನಡಿಗೆ. ಜನ ದಾರಿ ಬಿಟ್ಟರು. ಬೊಂಡದ ಗಾಡಿಯ ಹಿಂದೆ ರುಕ್ಮಾಬಾಯಿ ವಿಮಾನಕ್ಕೆ ಬೆನ್ನು ಮಾಡಿ, ತಲೆಯ ಮೇಲೆ ಸೆರಗೆಳೆದುಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ತುಟಿಗಳು ಅಲುಗುತ್ತಿದ್ದವು.

"ಬಾ ರುಕ್ಮಾ" ಎಂದೆ.

ಕಣ್ಣು ಬಿಟ್ಟವಳ ಮುಖದಲ್ಲಿ ಗೆಲುವಿರಲಿಲ್ಲ. ನನಗಿಂತ ಹೆಚ್ಚು ಸೋತವಳಂತಿದ್ದಳು. "ಏಳಲಿಲ್ಲೇನ್ರಿ? ನಿಮ್ಮ ಕೈಗೇ ಏಳಲಿ ಅಂತ ಎಲ್ಲಾ ದೇವರಿಗೂ ಬೇಡಿಕೊಂಡೀನ್ರಿ."

"ನನ್ನ ಮೇಲೆ ಕರುಣೆ ಬೇಡ."

"ಕರುಣಾ ಅಲ್ರೀ ಅಕ್ಕಾರ!" ಅವಳ ದನಿ ಗಟ್ಟಿಯಾಯಿತು. "ನಿಮ್ಮ ಕೈಗೆ ಎದ್ರ ನನಗ ಬಿಡಗಡಿ. ನನಗ ಹಾರಬೇಕಾಗಿತ್ರಿ. ಆ ರೆಕ್ಕಿ ಹೊಲಿಯುವಾಗ ಒಂದೊಂದು ಗಂಟಿಗೂ ಅದನ್ನಽ ನೆನಸೀನಿ. ಹೊಲದು ಮುಗಿದ ಮ್ಯಾಲ ಸಾಹೇಬ್ರನ್ನ ಕೇಳೂಣು, ಒಂದು ಸುತ್ತು ಕರಕೊಂಡು ಹೋಗ್ರಿ ಅನ್ನೂಣು ಅಂತ. ಅವತ್ತು ಮುಟ್ಟಬಾರದಿತ್ತು, ಮುಟ್ಟಿಬಿಟ್ಟೆ. ಬಾಗಲಾ ಮುಚ್ಚಿತು. ನೀವು ಬಾಗಲಾ ತಗದಿಟಗೊಂಡು, ಒಳಗ ಹೋಗಲಾರದ ಹೊರಗ ನಿಂತು ನನ್ನ ನೋಡಿ ಉರಕೋತೀರಿ. ನಿಮ್ಮನ್ನ ನೋಡಿ ನಾ ಎಷ್ಟ್ ಉರಕೊಂಡೀನಿ, ನಿಮಗೇನ್ ಗೊತ್ರಿ?"

ನನ್ನನ್ನು ಕಂಡು ಹೊಟ್ಟೆಕಿಚ್ಚುಪಡುವವರು ಈ ಭೂಮಿಯ ಮೇಲೆ ಒಬ್ಬರಿದ್ದಾರೆ ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. ಅವಳು ಸೆರಗಿನ ತುದಿ ಹರಿದು ನನ್ನ ಅಂಗೈಗೆ ಸುತ್ತಿ, ಗಂಟು ಹಾಕಿ, ನನಗಿಂತ ಮುಂದಾಗಿ ನಡೆದಳು.

ಅವಳನ್ನು ಕಂಡು ಜನ ಕೂಗಿದರು. ನನ್ನ ಹೊಟ್ಟೆ ಮತ್ತೆ ಉರಿಯಿತು, ಆಗಲೂ ಉರಿಯಿತು. ಪ್ರೊಪೆಲ್ಲರಿನ ಮೇಲೆ ಕೈಯಿಡುವ ಮುಂಚೆ ಅವಳು ನನ್ನ ಕಡೆ ತಿರುಗಿದಳು.

"ಹತ್ರಿ."

"ಏನು?"

"ಮುಂದಿನ ಸೀಟಿಗೆ ಹತ್ರಿ ಅಕ್ಕಾರ. ಇಬ್ರೂ ಕೆಳಗ ನಿಂತ್ರ ಏನ್ ಬಂತು?"

"ಒಂದ್ಸಲ ಹತ್ತಿದ್ರೆ ಆಮೇಲೆ ನನಗೆ ಯಾವತ್ತೂ..."

"ಗೊತ್ತೈತ್ರಿ" ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಬೇರೆ ಯಾರಿಗೂ ಅಷ್ಟು ಗೊತ್ತಿರಲಿಲ್ಲ.

ನಾನು ಹತ್ತಿದೆ. ಕಾಲು ಒಳಗಿಡುವಾಗ ಎಷ್ಟೋ ವರ್ಷ ಬೆನ್ನ ಮೇಲೆ ಹೊತ್ತಿದ್ದುದನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಹಗುರವಾಯಿತೋ ಬರಿದಾಯಿತೋ ತಿಳಿಯಲಿಲ್ಲ. ಪೂಣಚ್ಚನವರು ಹಿಂದಿನಿಂದ ಬಗ್ಗಿ ನನ್ನ ಪಟ್ಟಿ ಬಿಗಿದರು. ರುಕ್ಮಾಬಾಯಿ ಕೈಯಿಟ್ಟಳು, ಗೀಜಗ ಎದ್ದಿತು. ಅವಳು ತಡೆ ಎಳೆದು ಪಕ್ಕಕ್ಕೆ ಸರಿದಳು. ಹುಲ್ಲಿನ ಮೇಲೆ ಕುಣಿಯುತ್ತಾ ಓಡಿದೆವು. ಒಂದು ಕುಣಿತ, ಇನ್ನೊಂದು, ಮೂರನೆಯದು ಬರಲೇ ಇಲ್ಲ.

ನಾನು ಬಲ್ಲ ಎಂಜಿನ್ನೇ ಅದು. ಅದರ ಒಂದೊಂದು ತಿರುಪೂ ನಾನು ಬಿಗಿದದ್ದು. ಆದರೆ ಮೇಲೆ ಹೋದ ಮೇಲೆ ಅದರ ದನಿಯೇ ಬೇರೆ. ಕೆಳಗೆ ಗುಡುಗುವುದು ಅಲ್ಲಿ ಗುನುಗುತ್ತದೆ. ರೆಕ್ಕೆಗಳ ನಡುವಿನ ತಂತಿಗಳು ತಂಬೂರಿಯಂತೆ ಶ್ರುತಿ ಹಿಡಿದಿದ್ದವು. ಬಟ್ಟೆಯ ಮೇಲೆ ಹೊಲಿಗೆಯ ಸಾಲುಗಳು, ಇತ್ತಲಿಂದ ನಾನು ದೂಡಿದ್ದು, ಅತ್ತಲಿಂದ ಅವಳು ಎಳೆದದ್ದು, ಗಾಳಿಗೆ ಸಣ್ಣಗೆ ಮಿಡಿಯುತ್ತಾ ನನ್ನ ಮತ್ತು ಪೂಣಚ್ಚನವರ ಭಾರವನ್ನು ಹೊತ್ತಿದ್ದವು. ಪೂಣಚ್ಚನವರು ಒಂದು ಪಕ್ಕಕ್ಕೆ ವಾಲಿಸಿದರು. ಊರು ರೆಕ್ಕೆಯ ತುದಿಯಿಂದ ಜೋತುಬಿದ್ದಿತು. ಹೊಳೆ ಬಳೆಯಂತೆ ಬಾಗಿತ್ತು. ನಾನು ಬಾಯಿ ತುಂಬ ನಗುತ್ತಿದ್ದೆ, ಗಾಳಿ ನಗುವನ್ನು ಕಿತ್ತು ಹಿಂದಕ್ಕೆ ಒಯ್ಯುತ್ತಿತ್ತು. ಅಪ್ಪ ಇದನ್ನು ನೋಡಲಿಲ್ಲವಲ್ಲ ಎಂದು ಆಗ ಹೊಳೆಯಿತು. ಬದುಕಿನುದ್ದಕ್ಕೂ ಎಬ್ಬಿಸಿ ಕಳಿಸಿದರು, ಅದು ಎಲ್ಲಿಗೆ ಹೋಗುತ್ತಿತ್ತೆಂದು ಕಾಣಲಿಲ್ಲ. ಕೆಳಗೆ ಬಯಲಿನ ನಟ್ಟನಡುವೆ ಒಂದು ಚುಕ್ಕೆ ನಿಂತಿತ್ತು. ಜನರೆಲ್ಲ ಮೂರು ವಿಮಾನಗಳ ಹಿಂದೆ ಕತ್ತು ತಿರುಗಿಸುತ್ತಿದ್ದರು. ಆ ಚುಕ್ಕೆ ನಾವು ಹೋದ ಕಡೆಗೆ ಮಾತ್ರ ತಿರುಗುತ್ತಿತ್ತು.

ಇಳಿದಾಗ ಅಧಿಕಾರಿ ರೆಕ್ಕೆಯನ್ನು ಒತ್ತಿ ನೋಡಿ, ಎಂಜಿನ್ನಿಗೆ ಕಿವಿಗೊಟ್ಟು, "ಇನ್ನೂ ಬಹಳ ವರ್ಷ ಹಾರುತ್ತೆ ಇದು" ಎಂದು ಸಹಿ ಹಾಕಿದರು. ಜನ ನುಗ್ಗಿದರು, ಯಾರೋ ಹಾರ ತಂದರು. ರುಕ್ಮಾಬಾಯಿ ಚಕ್ರಕ್ಕೆ ತಡೆಯಿಟ್ಟು ನನ್ನ ಕಡೆ ನೋಡಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ತಿಂಗಳುಗಟ್ಟಲೆ ನನ್ನ ಮನೆಯ ಕನ್ನಡಿಯಲ್ಲಿ ಅದನ್ನೇ ನೋಡಿದ್ದೆ.

"ಏನೂ ಇಲ್ಲ, ಬರೀ ಗಾಳಿ" ಎಂದು ಸುಳ್ಳು ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಯಾರಾದರೂ ಬಂದು, ಎಬ್ಬಿಸುವುದರಲ್ಲಿ ಏನು ಮಹಾ ಇದೆ ಎಂದು ನನಗೆ ಹೇಳಿದ್ದರೆ ನಾನು ಅವರನ್ನು ಕ್ಷಮಿಸುತ್ತಿರಲಿಲ್ಲ.

"ತುಂಬಾ ಚೆನ್ನಾಗಿತ್ತು ರುಕ್ಮಾ. ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿತ್ತು" ಎಂದೆ.

"ಹೇಳಬ್ಯಾಡ್ರಿ" ಎಂದು ಮುಖ ತಿರುಗಿಸಿದಳು. "ಒಂದು ಮಾತೂ ಹೇಳಬ್ಯಾಡ್ರಿ."

ಜನ ಚದುರಿದರು. ನಾವಿಬ್ಬರೂ ಗೀಜಗವನ್ನು ಶೆಡ್ಡಿನೊಳಕ್ಕೆ ತಳ್ಳಿದೆವು. ಹೊಟ್ಟೆಯ ಮೇಲೆ ಹಾರಿದ್ದ ಎಣ್ಣೆಯನ್ನು ನಾನು ಒರೆಸಿದೆ, ರೆಕ್ಕೆಗೆ ಅಂಟಿದ್ದ ಹುಳುಗಳನ್ನು ಅವಳು ಒದ್ದೆ ಬಟ್ಟೆಯಿಂದ ತೆಗೆದಳು. ಅವಳು ಒಂದೇ ಜಾಗವನ್ನು ಬಹಳ ಹೊತ್ತು ಒರೆಸುತ್ತಿದ್ದಳು. ಆಮೇಲೆ ಒರೆಸುವುದನ್ನು ನಿಲ್ಲಿಸಿ, ನನ್ನ ಕಡೆ ನೋಡದೆಯೇ, "ಹೊಳಿ ಕಾಣತದೇನ್ರಿ?" ಎಂದಳು.

"ಕಾಣುತ್ತೆ."

"ಆಚಿ ದಂಡಿ?"

"ಅದೂ ಕಾಣುತ್ತೆ. ಅದರಾಚೆಗೂ ಕಾಣುತ್ತೆ."

ಉರಿಯುತ್ತಿತ್ತು ಅವಳಿಗೆ, ಆ ಉರಿ ನನಗೆ ಕಣ್ಣಿಗೆ ಕಾಣುವಷ್ಟು ಪರಿಚಿತ. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ರೆಕ್ಕೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ನೆಲವನ್ನು ತಟ್ಟಿ ನನಗೆ ಜಾಗ ತೋರಿಸಿದಳು.

"ಮೊದಲಿಂದ ಹೇಳ್ರಿ" ಎಂದಳು. "ಏನೂ ಬಿಡಬ್ಯಾಡ್ರಿ."